ಪಟ್ಟೆಯಿಲ್ಲದ ಹೆಬ್ಬಾತು

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಿಂತವರಿಗೆ ಪಟ್ಟೆತಲೆ ಹೆಬ್ಬಾತನ್ನು ಗುರುತಿಸುವುದು ಕಷ್ಟವೇನಲ್ಲ. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳನ್ನು ಹೊತ್ತು, ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳಿಂದಲೇ ಹೆಸರಾದ ಊರಕೆರೆ ಅದು. 2024ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು. ತೊಡಕು ಹುಟ್ಟುವುದು ಆ ಹಿಂಡಿನ ನಡುವೆ ಪಟ್ಟೆಯೇ ಇಲ್ಲದ ಬೂದು ಹಕ್ಕಿಯೊಂದು ಕಂಡಾಗ.

ಆಗ ಏರಿಯ ಮೇಲಿರುವವರೆಲ್ಲರೂ ಪಕ್ಷಿತಜ್ಞರಾಗುತ್ತಾರೆ. ಕ್ಯಾಮೆರಾ ಹಿಡಿದವರು ಅದು ಗ್ರೇಲ್ಯಾಗ್, ಅಂದರೆ ಬೂದು ಹೆಬ್ಬಾತೇ ಆಗಿರಲೆಂದು ಹಾರೈಸುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತದ ಜೌಗುಗಳಿಗೆ ತಪ್ಪದೆ ಬರುವ ಆ ಹಕ್ಕಿ ನಮ್ಮ ಕಡೆಗೆ ಇಳಿಯುವುದು ತೀರ ಅಪರೂಪ, ಅಪರೂಪದ ಚಿತ್ರಕ್ಕೆ ಸಿಗುವ ಮರ್ಯಾದೆಯೇ ಬೇರೆ. ದನ ಮೇಯಿಸಲು ಬಂದ ಹಿರಿಯರು ಮಾತ್ರ, ಯಾರದೋ ಮನೆಯ ಸಾಕುಬಾತು ತಪ್ಪಿಸಿಕೊಂಡು ಬಂದಿದೆಯೆಂದು ತೀರ್ಪು ಕೊಡುತ್ತಾರೆ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಯುರೋಪಿನ ಸಾಕು ಹೆಬ್ಬಾತುಗಳೆಲ್ಲ ಗ್ರೇಲ್ಯಾಗಿನಿಂದಲೇ ಬಂದವಾದ್ದರಿಂದ, ಬಣ್ಣವೊಂದನ್ನೇ ನಂಬಿ ಕಾಡಿನದು ಯಾವುದು, ಮನೆಯದು ಯಾವುದು ಎಂದು ಹೇಳಲಾಗದು. ಹಿಂಭಾಗ ಜೋತುಬಿದ್ದು ಮೈ ಭಾರವಾಗಿದ್ದರೆ, ಗರಿಗಳ ನಡುವೆ ಅಲ್ಲಲ್ಲಿ ಬಿಳಿ ಬೆರೆತಿದ್ದರೆ ಹಿರಿಯರ ಮಾತನ್ನು ಒಪ್ಪಿಕೊಳ್ಳುವುದೇ ಲೇಸು.

ಮೂರನೆಯ ಸಾಧ್ಯತೆಯೊಂದಿದೆ. ಅದು ಎಲ್ಲಕ್ಕಿಂತ ಸಪ್ಪೆಯಾದ್ದರಿಂದಲೋ ಏನೋ, ಯಾರೂ ಮೊದಲಿಗೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಹಕ್ಕಿ ಪಟ್ಟೆತಲೆಯದೇ ಮರಿಯಾಗಿರಬಹುದು. ಆ ವರ್ಷವಷ್ಟೇ ಹುಟ್ಟಿದ ಮರಿಗೆ ತಲೆಯ ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ಮುಖ ಬೆಳ್ಳಗಿದ್ದು, ನೆತ್ತಿಯೂ ಹಿಂಗತ್ತೂ ಬರಿಯ ಕಂದುಬೂದಾಗಿರುತ್ತವೆ.

ದೆವ್ವವನ್ನು ಪಾದ ನೋಡಿ ಗುರುತಿಸಬೇಕೆಂದು ಅಜ್ಜಿಯರು ಹೇಳುತ್ತಿದ್ದರಲ್ಲ, ಹೆಬ್ಬಾತಿಗೂ ಅದೇ ಕ್ರಮ. ಕಾಲು ಗುಲಾಬಿಯಾಗಿದ್ದು, ದಪ್ಪನೆಯ ಕೊಕ್ಕಿಗೂ ಗುಲಾಬಿಯೋ ಕಿತ್ತಳೆಯೋ ಬಣ್ಣವಿದ್ದರೆ ಗ್ರೇಲ್ಯಾಗ್ ಎನ್ನಬಹುದು. ಕಾಲು ಹಳದಿಯ ಕಡೆಗಿದ್ದು, ಹಳದಿ ಕೊಕ್ಕಿನ ತುದಿ ಕಪ್ಪಾಗಿದ್ದರೆ ಅದು ಮರಿ. ಆದರೆ ಹಗಲೆಲ್ಲ ತೇಲುವ ಹಕ್ಕಿಯ ಕಾಲು ನೀರಿನೊಳಗಿರುತ್ತದೆ. ಅದನ್ನು ನೋಡುವ ಆತುರದಲ್ಲಿ ಏರಿಯಿಂದಿಳಿದು ದಂಡೆಗೆ ನುಗ್ಗುವವರೂ ಇದ್ದಾರೆ. ಹಿಂಡೆಲ್ಲ ಬೆದರಿ ಎದ್ದುಹೋಗುತ್ತದೆ, ನನ್ನ ಪ್ರಕಾರ ಅದು ಪಕ್ಷಿವೀಕ್ಷಣೆಯಲ್ಲ, ಉಪದ್ರವ. ಹಕ್ಕಿಗಳು ತಾವಾಗಿ ದಂಡೆ ಹತ್ತಿ ಗರಿ ತಿದ್ದಿಕೊಳ್ಳುವವರೆಗೆ ಕಾದವರಿಗೆ ಬಹುಮಟ್ಟಿಗೆ ಕಾಣುವುದು ಹಳದಿಯ ಕಾಲೇ. ಕ್ಯಾಮೆರಾಗಳು ಚೀಲ ಸೇರುತ್ತವೆ. ಅದೇ ಮರಿ ಮುಂದಿನ ಚಳಿಗಾಲಕ್ಕೆ ಎರಡು ಪಟ್ಟೆ ಹೊತ್ತು ಬಂದರೆ, ಅದರತ್ತ ಯಾರೂ ಬೈನಾಕ್ಯುಲರ್ ತಿರುಗಿಸುವುದೂ ಇಲ್ಲ.