ಬೆಳಗಿನ ನೇರ ಪ್ರಸಾರದಲ್ಲಿ ಮೌನಕ್ಕೆ ಜಾಗವಿಲ್ಲ

ಬೆಳಗಿನ ರೇಡಿಯೊ ಕಾರ್ಯಕ್ರಮ ನಡೆಸುವವರಿಗೆ ಈ ಭೂಮಿಯ ಮೇಲೆ ಇರುವುದು ಒಂದೇ ಭಯ, ಅದು ಮೌನದ ಭಯ. ಬಾಯಿ ತಪ್ಪಿ ಏನಾದರೂ ಅಂದುಬಿಟ್ಟರೆ ಕ್ಷಮೆ ಕೇಳಬಹುದು, ಒಂದು ಹಾಡಿನ ಬದಲು ಇನ್ನೊಂದು ಹಾಡು ಬಿತ್ತರವಾದರೆ ‘ಕೇಳುಗರ ಕೋರಿಕೆಯ ಮೇರೆಗೆ’ ಎಂದು ಯಾವ ಕೇಳುಗರ ಹೆಸರನ್ನೂ ಹೇಳದೆ ದಾಟಿಕೊಳ್ಳಬಹುದು. ಆದರೆ ಐದಾರು ಸೆಕೆಂಡು ಏನೂ ಕೇಳಿಸದೆ ಹೋದರೆ ಕೇಳುಗರು ಮೊದಲು ರೇಡಿಯೊದ ನೆತ್ತಿಗೆ ತಟ್ಟುತ್ತಾರೆ, ಆಮೇಲೆ ಬ್ಯಾಟರಿ ತೆಗೆದು ಮತ್ತೆ ಹಾಕುತ್ತಾರೆ, ಕೊನೆಗೆ ಬೇರೊಂದು ಕೇಂದ್ರಕ್ಕೆ ಮುಳ್ಳು ತಿರುಗಿಸಿ ನಮ್ಮನ್ನು ಮರೆತುಬಿಡುತ್ತಾರೆ. ನಮ್ಮ ಕಸುಬಿನಲ್ಲಿ ಇದನ್ನು ‘ಡೆಡ್ ಏರ್’ ಎನ್ನುತ್ತೇವೆ. ಸ್ಟುಡಿಯೊದಲ್ಲಿ ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಈ ಮೌನವನ್ನು ಹೇಗಾದರೂ ತಪ್ಪಿಸಲು ಹೊರಟಾಗಲೇ ಸಂಭವಿಸಿದವು.

ಅತಿಥಿಗಳ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಕಾಡು ಸುತ್ತುವ ಹವ್ಯಾಸವಿದ್ದ ಹಿರಿಯರೊಬ್ಬರು ಒಮ್ಮೆ ಬಂದಿದ್ದರು. ಹೊರಗಿನ ಕೋಣೆಯಲ್ಲಿ ಕುಳಿತಿದ್ದಾಗ, ಆನೆಯೊಂದು ಕೆಳಗೆ ನಿಂತದ್ದರಿಂದ ತಾವು ಇಡೀ ರಾತ್ರಿ ಮರದ ಮೇಲೆ ಕಳೆಯಬೇಕಾಗಿ ಬಂದ ಪ್ರಸಂಗವನ್ನು, ಆನೆಯ ಉಸಿರಿನ ಸದ್ದು ಸಮೇತ, ಎಷ್ಟು ಸೊಗಸಾಗಿ ವಿವರಿಸಿದರೆಂದರೆ ನಮ್ಮ ಕಾವಲುಗಾರರು ಬಾಗಿಲನ್ನು ಮರೆತು ಒಳಗೆ ಬಂದು ನಿಂತಿದ್ದರು. ಪ್ರಸಾರ ಶುರುವಾಯಿತೆಂದು ಸೂಚಿಸುವ ಕೆಂಪು ದೀಪ ಹತ್ತಿತು. ಕಾಡಿನಲ್ಲಿ ನಿಮಗೆ ಭಯವಾದ ಸಂದರ್ಭವೇನಾದರೂ ಇದೆಯೇ ಎಂದು ಕೇಳಿದೆ.

“ಹಾಗೇನೂ ಇಲ್ಲ,” ಎಂದರು.

“ಒಮ್ಮೆ ಆನೆಯೊಂದು ಎದುರಾಗಿತ್ತಂತಲ್ಲ, ಸರ್?”

“ಅದನ್ನು ಆಗಲೇ ಹೇಳಿದೆನಲ್ಲ ಮೇಡಂ!”

ಕೇಳಿದ ಮಾತನ್ನೇ ಮತ್ತೆ ಹೇಳಿ ಜನರಿಗೆ ಬೇಸರ ತರಿಸಬಾರದೆಂಬುದು ಅವರ ಸೌಜನ್ಯವಾಗಿತ್ತು. ಆ ಜನರಲ್ಲಿ ಕೇಳಿಸಿಕೊಂಡವರು ನಾನು ಮತ್ತು ಕಾವಲುಗಾರರು ಮಾತ್ರ ಎಂಬುದನ್ನು ನೇರ ಪ್ರಸಾರದಲ್ಲಿ ಅವರಿಗೆ ತಿಳಿಸುವುದು ಹೇಗೆ? ಅಂದಿನಿಂದ ಅತಿಥಿಗಳನ್ನು ಹೊರಗಿನ ಕೋಣೆಯಲ್ಲಿ ಯಾರೂ ಮಾತನಾಡಿಸಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂತು. ಪರಿಣಾಮವಾಗಿ, ಆಹ್ವಾನದ ಮೇಲೆ ಬಂದವರು ನಮ್ಮೆಲ್ಲರ ಬಿಗಿದ ಮುಖಗಳನ್ನು ನೋಡಿ, ತಾವು ಬಂದದ್ದು ಯಾರಿಗೂ ಇಷ್ಟವಾಗಿಲ್ಲವೆಂದು ತಿಳಿದು, ಮೈಕಿನ ಮುಂದೆ ಇನ್ನಷ್ಟು ಮುದುಡಿ ಕೂರುತ್ತಾರೆ.

ಇನ್ನು ಕೆಲವರು ಎಲ್ಲ ಪ್ರಶ್ನೆಗಳಿಗೂ ತಲೆಯಾಡಿಸುತ್ತಾರೆ. ರೇಡಿಯೊದಲ್ಲಿ ತಲೆಯಾಡಿಸಿದರೆ ಸದ್ದಾಗುವುದಿಲ್ಲವಾದ್ದರಿಂದ, “ನಮ್ಮ ಅತಿಥಿಗಳು ನಗುತ್ತಾ ಹೌದೆನ್ನುತ್ತಿದ್ದಾರೆ” ಎಂದು ಕ್ರಿಕೆಟ್ಟಿನ ವೀಕ್ಷಕ ವಿವರಣೆಯಂತೆ ನಾನೇ ಹೇಳಬೇಕಾಗುತ್ತದೆ. ಆದರೂ ತಲೆಯಾಡಿಸುವವರು ಎಷ್ಟೋ ವಾಸಿ. ಉತ್ತರಗಳನ್ನು ಬರೆದು ತಂದಿರುವವರಿಗೆ ನನ್ನ ಪ್ರಶ್ನೆಗಳು ಬೇಕೇ ಆಗಿರುವುದಿಲ್ಲ; ಜೊತೆಗೆ, ಮೈಕಿನಿಂದ ಗೇಣು ದೂರದಲ್ಲಿ ಅವರು ಹಾಳೆ ಮಗುಚುವ ಸದ್ದು ಕೇಳುಗರ ಕಿವಿಗೆ ಒಣ ಎಲೆಗಳ ರಾಶಿಯಲ್ಲಿ ಯಾರೋ ಓಡಿದಂತೆ ಬೀಳುತ್ತದೆ.

ಕಾರ್ಯಕ್ರಮದ ಕೊನೆಯ ನಿಮಿಷಗಳಲ್ಲಿ ಕಷ್ಟ ತಿರುಗುಮುರುಗಾಗುತ್ತದೆ. 1924ರಲ್ಲಿ ಬಿಬಿಸಿ ಸಮಯ ಸೂಚಿಸಲು ಆರು ‘ಪಿಪ್’ ಸದ್ದುಗಳನ್ನು ಬಿತ್ತರಿಸಲು ಆರಂಭಿಸಿದಂದಿನಿಂದ, ಆ ಸದ್ದಿನ ಮೇಲೆ ಮಾತನಾಡುವುದನ್ನು ರೇಡಿಯೊದವರು ಅಪಚಾರವೆಂದೇ ಭಾವಿಸುತ್ತಾ ಬಂದಿದ್ದಾರೆ. ಗಂಟೆ ಹೊಡೆಯುವ ಹೊತ್ತಿಗೆ ಮಾತು ಮುಗಿದಿರಲೇಬೇಕು. ಆದರೆ ಅಷ್ಟು ಹೊತ್ತು ‘ಹೌದು’, ‘ಇಲ್ಲ’ಗಳಲ್ಲಿ ಕಾಲ ತಳ್ಳಿದ ಅತಿಥಿಗೆ ಮಾತಿನ ಹುರುಪು ಬರುವುದು ಸರಿಯಾಗಿ ಆಗಲೇ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ‘ನಾನು ಅಲ್ಲಿಗೆ ಹೋಗಿ, ಅವರನ್ನು ಕಂಡು, ವಿಷಯ ತಿಳಿಸಿ, ಅವರು ಒಪ್ಪದಿದ್ದಾಗ ಹಿಂದಿರುಗಿ, ಮತ್ತೆ ಯೋಚಿಸಿ’ ಎಂದು ಸಾಗುವ ಮಾತನ್ನು ಎಲ್ಲಿ ಕತ್ತರಿಸಿದರೂ ಅವರು ಏನು ಮಾಡಿದರೆಂಬುದು ಮಾತ್ರ ತಿಳಿಯುವುದಿಲ್ಲ. ಗಾಜಿನಾಚೆ ಕುಳಿತ ನಿರ್ಮಾಪಕರು ಕತ್ತಿನ ಮೇಲೆ ಕೈ ಆಡಿಸಿ ಸನ್ನೆ ಮಾಡುತ್ತಾರೆ. ಅದು ನನಗೆ ಮಾಡಿದ ಸನ್ನೆಯೆಂದು ತಿಳಿಯದ ಅತಿಥಿಗಳು ಬೆದರಿ, ಅದಕ್ಕೂ ಒಂದು ಉತ್ತರ ಕೊಡಲು ಹೊರಡುತ್ತಾರೆ.

ಫೋನ್ ಮಾಡುವ ಕೇಳುಗರದು ಇನ್ನೊಂದು ಬಗೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ ರೇಡಿಯೊ ತರಂಗವು ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಹಾಗಾಗಿ ಹಳೆಯ ಅನಲಾಗ್ ಪ್ರಸಾರದಲ್ಲಿ ನಾನು ಕೆಮ್ಮಿದರೆ, ಮೇಜಿನಾಚೆ ಕುಳಿತ ಅತಿಥಿಗೆ ಕೇಳಿಸುವ ಮೊದಲೇ ನೂರು ಕಿಲೋಮೀಟರ್ ದೂರದ ರೇಡಿಯೊ ಪೆಟ್ಟಿಗೆ ಅದನ್ನು ನುಡಿಯತೊಡಗುತ್ತಿತ್ತು. ಈಗ ಮೊಬೈಲಿನ ಆ್ಯಪ್‌ನಲ್ಲಿ ಕೇಳುವವರಿಗೆ ಅದೇ ಕೆಮ್ಮು ಹಲವು ಸೆಕೆಂಡು ತಡವಾಗಿ ತಲುಪುತ್ತದೆ. ಇದರಿಂದ ಆಗುವುದೇನೆಂದರೆ, ಫೋನಿನಲ್ಲಿ ನನ್ನೊಂದಿಗೆ ಮಾತನಾಡುತ್ತಿರುವವರು ಅಷ್ಟು ಹೊತ್ತಿನ ಬಳಿಕ ತಮ್ಮದೇ ದನಿಯನ್ನು ರೇಡಿಯೊದಲ್ಲಿ ಕೇಳಿ, ಎಲ್ಲೋ ಕೇಳಿದ ದನಿಯಲ್ಲವೇ ಎಂದು ಮಾತು ನಿಲ್ಲಿಸಿ ಆಲಿಸತೊಡಗುತ್ತಾರೆ.

“ರೇಡಿಯೊ ಸ್ವಲ್ಪ ಸಣ್ಣಗೆ ಮಾಡ್ತೀರಾ?” ಎಂದು ನಾನು ಕೇಳುತ್ತೇನೆ.

“ಸಣ್ಣಗೆ ಮಾಡಿದ್ರೆ ನೀವು ಹೇಳೋದು ನನಗೆ ಕೇಳ್ಸೋದು ಹೇಗಕ್ಕಾ?”

“ಫೋನಿನಲ್ಲೇ ಕೇಳಿಸುತ್ತದಲ್ಲ.”

“ಫೋನಲ್ಲಿ ಕೇಳಿದ್ರೆ ರೇಡಿಯೊದಲ್ಲಿ ಬಂದಂಗೆ ಆಗಲ್ಲ ಅಕ್ಕಾ.”

ಈ ವಾದಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಹಾಡುಗಳ ಮೇಲೆ ನನಗೆ ಅಷ್ಟೇನೂ ದೂರಿಲ್ಲ. ಅವು ಕಾರ್ಯಕ್ರಮದ ಕ್ರಮಪಟ್ಟಿಯಾದ ಕ್ಯೂ ಶೀಟಿನಲ್ಲಿ ಎಷ್ಟು ನಿಮಿಷವೆಂದು ಬರೆದಿದೆಯೋ ಅಷ್ಟಕ್ಕೆ ಮುಗಿಯುತ್ತವೆ, ಇದು ಮನುಷ್ಯರಲ್ಲಿ ಕಾಣಸಿಗದ ಗುಣ. ನಡುವೆ ಒಮ್ಮೆ ಪೂರ್ತಿ ನಿಂತು ಮತ್ತೆ ಆರಂಭವಾಗುವ ಹಾಡುಗಳು ಮಾತ್ರ ಅಪಾಯಕಾರಿ. ಅಂಥ ಒಂದು ನಿಲುಗಡೆಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಥಟ್ಟನೆ ಮೈಕಿನ ದನಿ ಹೆಚ್ಚಿಸುವ ಫೇಡರ್ ಏರಿಸಿ “ಇದೀಗ ನೀವು ಕೇಳಿದ್ದು...” ಎಂದರು, ಗಾಯಕರು ಒಪ್ಪದೆ ಉಳಿದ ಚರಣವನ್ನು ಹಾಡಿ ಮುಗಿಸಿದರು.

ಕೊನೆಯದಾಗಿ ಚಿಂತನ. ಬೆಳಗಿನ ಕಾರ್ಯಕ್ರಮದಲ್ಲಿ ಐದು ನಿಮಿಷ ಜನರ ಮನಸ್ಸನ್ನು ತಿಳಿಗೊಳಿಸುವ ಈ ಭಾಗಕ್ಕಾಗಿ ಶಾಂತ ಸ್ವಭಾವದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರುತ್ತಿದ್ದರು. ಪ್ರಸಾರ ಕೇಂದ್ರಗಳಲ್ಲಿ ಮೌನವನ್ನು ಪತ್ತೆ ಹಚ್ಚುವ ಯಂತ್ರವೊಂದಿರುತ್ತದೆ. ನಿಗದಿಪಡಿಸಿದಷ್ಟು ಸೆಕೆಂಡು ಸದ್ದು ಕೇಳಿಸದಿದ್ದರೆ ಒಳಗಿದ್ದವರಿಗೆ ಏನೋ ಆಗಿದೆ ಎಂದು ಭಾವಿಸಿ, ಅದು ತಾನಾಗಿಯೇ ತುರ್ತು ಸಂಗೀತವನ್ನು ಆರಂಭಿಸುತ್ತದೆ. ಹಿಂದಿನವರಿಗೆ ಈ ಕಾಟವಿರಲಿಲ್ಲ. 1930ರ ಏಪ್ರಿಲ್ 18ರ ಸಂಜೆ ಬಿಬಿಸಿಯ ವಾರ್ತೆಯಲ್ಲಿ ‘ಇಂದು ಸುದ್ದಿಯಿಲ್ಲ’ ಎಂದಷ್ಟೇ ಹೇಳಿ ಉಳಿದ ಸಮಯಕ್ಕೆ ಪಿಯಾನೊ ನುಡಿಸಿದ್ದರು. ನನಗೆ ಅದು ವಾರ್ತಾ ಪ್ರಸಾರದ ಅತ್ಯಂತ ಪ್ರಾಮಾಣಿಕ ಗಳಿಗೆಯಾಗಿ ತೋರುತ್ತದೆ. ಆದರೆ 2004ರ ಜನವರಿಯಲ್ಲಿ, ವಾದ್ಯಗಾರರು ಏನನ್ನೂ ನುಡಿಸದೆ ಕೂರುವ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ 4 ನಿಮಿಷ 33 ಸೆಕೆಂಡುಗಳ ಕೃತಿಯನ್ನು ಅದೇ ಬಿಬಿಸಿಯ ರೇಡಿಯೊ 3 ಪ್ರಸಾರ ಮಾಡಿದಾಗ, ಈ ತುರ್ತು ವ್ಯವಸ್ಥೆಯನ್ನು ಮೊದಲೇ ಬಂದ್ ಮಾಡಿಡಬೇಕಾಯಿತು.

ನಮ್ಮ ಪ್ರಾಧ್ಯಾಪಕರ ಅಂದಿನ ವಿಷಯ ‘ಮೌನದ ಮಹತ್ವ’. ಎಂಜಿನಿಯರರು ಶೀರ್ಷಿಕೆಯನ್ನು ಓದಿ ಸಹಿ ಹಾಕಿದ್ದರೇ ಹೊರತು ಅದರ ಅರ್ಥಕ್ಕೆ ಮನಸ್ಸು ಕೊಟ್ಟಿರಲಿಲ್ಲ. ಪ್ರಾಧ್ಯಾಪಕರು ಗದ್ದಲದ ಲೋಕವನ್ನು ಕುರಿತು ಸೊಗಸಾಗಿ ಮಾತನಾಡಿ, “ಬನ್ನಿ, ಅರ್ಧ ನಿಮಿಷ ನಾವೆಲ್ಲರೂ ಕಣ್ಣು ಮುಚ್ಚಿ ನಮ್ಮೊಳಗಿನ ದನಿಯನ್ನು ಆಲಿಸೋಣ,” ಎಂದು ತಾವೂ ಕಣ್ಣು ಮುಚ್ಚಿದರು. ನಾನು ನಡುವೆ ಬಾಯಿ ಹಾಕಲು ಹವಣಿಸಿದರೂ ಅಂಥ ಮುಖವನ್ನು ನೋಡುತ್ತಾ ಮಾತನಾಡಲು ಮನಸ್ಸು ಬರಲಿಲ್ಲ. ಯಂತ್ರ ತನ್ನ ಪಾಲಿನ ಸೆಕೆಂಡುಗಳನ್ನು ಎಣಿಸಿ, ನಾಡಿನ ಸಕಲ ಕೇಳುಗರ ಅಂತರಂಗಕ್ಕೆ ಡೋಲು, ತಮಟೆ ಮತ್ತು ಸೀಟಿಗಳ ಸಮೇತ ಒಂದು ಕುಣಿತದ ಹಾಡನ್ನು ಹರಿಯಬಿಟ್ಟಿತು. ಸ್ಟುಡಿಯೊದೊಳಗೆ ಅದು ಕೇಳಿಸುವುದು ಹೆಡ್‌ಫೋನ್ ಹಾಕಿಕೊಂಡವರಿಗೆ ಮಾತ್ರ. ಪ್ರಾಧ್ಯಾಪಕರು ಹೆಡ್‌ಫೋನ್ ಹಾಕಿಕೊಳ್ಳುತ್ತಿರಲಿಲ್ಲ. ಅವರು ಅರ್ಧ ನಿಮಿಷ ಪೂರ್ತಿ ಕಳೆದು, ನಿಧಾನವಾಗಿ ಕಣ್ಣು ತೆರೆದು, “ಈಗ ನಿಮಗೆ ಕೇಳಿಸಿದ್ದೇ ನಿಮ್ಮ ನಿಜವಾದ ಸ್ವರೂಪ,” ಎಂದರು. ಅವರ ದನಿ ಕೇಳುತ್ತಲೇ ವ್ಯವಸ್ಥೆ ಸರಿಯಾಯಿತೆಂದು ತಿಳಿದ ಯಂತ್ರ ಹಾಡನ್ನು ನಿಲ್ಲಿಸಿತಾದ್ದರಿಂದ, ಆ ವಾಕ್ಯ ಮಾತ್ರ ಒಂದಕ್ಷರವೂ ಬಿಡದೆ ಎಲ್ಲರಿಗೂ ತಲುಪಿತು.

ಅಂದು ಬಂದ ಕರೆಗಳಲ್ಲಿ ಬೈದವರು ಯಾರೂ ಇರಲಿಲ್ಲ. ಅನೇಕರು ಆ ಹಾಡಿನ ಹೆಸರು ಕೇಳಿದರು. ಮುಂದಿನ ವಾರ ಪ್ರಾಧ್ಯಾಪಕರು ಉಸಿರಾಟದ ಮೇಲೆ ಗಮನವಿಡುವುದರ ಕುರಿತು ಮಾತನಾಡುವುದಾಗಿ ಹೇಳಿದಾಗ, ಎಂಜಿನಿಯರರು ಕೈಯಲ್ಲಿ ಲಾಗ್ ಬುಕ್ ಹಿಡಿದು ಬಂದು, ಅವರು ಉಸಿರನ್ನು ಹೆಚ್ಚೆಂದರೆ ಎಷ್ಟು ಸೆಕೆಂಡು ಹಿಡಿಯುತ್ತಾರೆಂದು ಬಹಳ ವಿನಯದಿಂದ ವಿಚಾರಿಸಿಕೊಂಡು ಹೋದರು.