ಸ್ಪಷ್ಟನೆ: ಕೋವಿ ಲೈಸೆನ್ಸ್ ಇದ್ದರೂ ಮದುವೆಯಲ್ಲಿ ಗುಂಡು ಹಾರಿಸುವಂತಿಲ್ಲ

'ತೋಟದ ಕೋವಿಗೆ ಲೈಸೆನ್ಸ್ ಇದ್ದರೆ ಚಿಕ್ಕಮಗಳೂರು ಪೇಟೆಯೊಳಗೂ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸಬಹುದು' ಎಂದು ಹರಿದಾಡುತ್ತಿರುವ ಸಂದೇಶ ತಪ್ಪು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಬೆಳೆ ರಕ್ಷಣೆಗಷ್ಟೇ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 25(9)ನೇ ಕಲಂ ಪ್ರಕಾರ, ಮದುವೆ, ದೇವಸ್ಥಾನ, ಸಮಾರಂಭಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜೀವಕ್ಕೆ ಅಪಾಯ ಒಡ್ಡಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಯವೇ ಆಗಬೇಕೆಂದಿಲ್ಲ. ಓರೆಯಾಗಿ ಹಾರಿದ ಒಂಟಿ ಗುಂಡು ಎಷ್ಟೋ ದೂರದಲ್ಲಿ, ಕೊಲ್ಲುವಷ್ಟು ವೇಗದಲ್ಲೇ ಇಳಿಯಬಹುದು; ಹಾರಿಸಿದವನಿಗೆ ಗೊತ್ತೂ ಆಗುವುದಿಲ್ಲ.

ಕೊಡಗನ್ನು ತೋರಿಸಿ ವಾದಿಸುವುದೂ ಸರಿಯಲ್ಲ. ಕೊಡವರಿಗೆ, ಅಲ್ಲಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮ್ಮ ಜಿಲ್ಲೆಯವರಿಗೆ ಅನ್ವಯಿಸದು. ತೋಟಕ್ಕೆ ನುಗ್ಗಿದ ಕಾಡುಹಂದಿ ಹೊಡೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೋವಿ ಲೈಸೆನ್ಸ್ ಸಾಲದು.