ಯೆಸ್ ಮಿನಿಸ್ಟರ್‌ನಲ್ಲಿ ಬಯ್ಯೋಣ ಅಂದ್ರೆ ಯಾರೂ ಸಿಗಲ್ಲ

ನಮ್ಮ ಸಿನಿಮಾದ ಮಂತ್ರಿ ಹೇಗಿರ್ತಾನೆ ಅಂತ ಹೇಳಬೇಕಾಗಿಲ್ಲ. ಬಿಳಿ ಪಂಚೆ, ಹಣೆಗೆ ದೊಡ್ಡ ಕುಂಕುಮ, ಹಿಂದೆ ನಾಲ್ಕು ಪುಡಿರೌಡಿಗಳು. ಕೊನೆಗೆ ಹೀರೋ ಬಂದು ಎರಡು ಬಾರಿಸಿದರೆ ನಾಡು ಉದ್ಧಾರ. ಬ್ರಿಟನ್ನಿನ ಟಿವಿ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’ ನೋಡುವಾಗ ಈ ಸುಖ ಇಲ್ಲವೇ ಇಲ್ಲ. ಮಂತ್ರಿ ಜಿಮ್ ಹ್ಯಾಕರ್ ಪಾಪದವನು, ಸ್ವಲ್ಪ ಪ್ರಚಾರದ ಹುಚ್ಚು ಅಷ್ಟೇ. ಕಾರ್ಯದರ್ಶಿ ಸರ್ ಹಂಫ್ರಿ ಮಹಾ ಬುದ್ಧಿವಂತ, ಜೇಬು ತುಂಬಿಸಿಕೊಳ್ಳುವ ಆಸಾಮಿಯಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡ, ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ಅಂತೂ ಚಿನ್ನದಂಥ ಹುಡುಗ. ಆದರೂ ಕೆಲಸ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಆಂಟನಿ ಜೇ, ಜೊನಾಥನ್ ಲಿನ್ ಸೇರಿ ಬರೆದದ್ದು. ಮೊದಲ ಕಂತು ಮುಂಚೆಯೇ ಸಿದ್ಧವಾಗಿತ್ತು. 1979ರ ಚುನಾವಣೆ ಹತ್ತಿರ ಬಂತು ಅಂತ ಬಿಬಿಸಿ ತಡೆಹಿಡಿದು, 1980ರ ಫೆಬ್ರುವರಿಯಲ್ಲಿ ಪ್ರಸಾರ ಮಾಡಿತು. ಹ್ಯಾಕರ್ ಯಾವ ಪಕ್ಷದವನು ಅನ್ನುವುದನ್ನು ಕೊನೆಯವರೆಗೂ ಬಾಯಿ ಬಿಡಲಿಲ್ಲ, ಜಾಣರು! ಆಮೇಲೆ ಅವನನ್ನೇ ಪ್ರಧಾನಿ ಮಾಡಿ 1988ರವರೆಗೆ ಎಳೆದರು.

1981ರ ಒಂದು ಕಂತು ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲು. ಸೇಂಟ್ ಎಡ್ವರ್ಡ್ಸ್ ಅಂತ ಹೊಸ ಆಸ್ಪತ್ರೆ. ಕಟ್ಟಿ ಮುಗಿದು ವರ್ಷದ ಮೇಲಾಗಿದೆ. ಸುಮಾರು 500 ಸಿಬ್ಬಂದಿ ಇದ್ದಾರೆ. ಡಾಕ್ಟರಿಲ್ಲ, ನರ್ಸಿಲ್ಲ, ಒಬ್ಬನೇ ಒಬ್ಬ ರೋಗಿಯಿಲ್ಲ. ಮಂತ್ರಿ ಖುದ್ದು ನೋಡಲು ಹೋಗುತ್ತಾನೆ. ಅಲ್ಲಿನ ಆಡಳಿತಾಧಿಕಾರಿಣಿ ಒಂದೊಂದೇ ಖಾಲಿ ವಾರ್ಡು ತೋರಿಸುತ್ತಾ, ದೇಶದಲ್ಲೇ ಅತಿ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಗಳಲ್ಲಿ ಇದೂ ಒಂದು, ಸ್ವಚ್ಛತೆಯ ಪ್ರಶಸ್ತಿಗೆ ಹೆಸರು ಹೋಗಿದೆ ಅನ್ನುತ್ತಾಳೆ. ಆಕೆಯ ಮುಖದಲ್ಲಿ ಒಂದಿಷ್ಟೂ ನಗುವಿಲ್ಲ, ನಿಜವಾದ ಹೆಮ್ಮೆ. ರೋಗಿಗಳೇ ಇಲ್ಲದ ಮೇಲೆ ಗಲೀಜು ಎಲ್ಲಿಂದ ಬರಬೇಕು? ಮುಚ್ಚಿಬಿಡೋಣ ಅಂದರೆ ಹಂಫ್ರಿ ಕೇಳುತ್ತಾನೆ, ಯುದ್ಧ ಇಲ್ಲ ಅಂತ ಸೈನ್ಯವನ್ನು ಮನೆಗೆ ಕಳಿಸ್ತೀರಾ? ಒಂದು ಕ್ಷಣ ನಮಗೂ ಹೌದಲ್ಲ ಅನ್ನಿಸಿಬಿಡುತ್ತದೆ. ನೈಜೆಲ್ ಹಾಥಾರ್ನ್‌ಗೆ ಹಂಫ್ರಿಯ ಪಾತ್ರಕ್ಕೆ ನಾಲ್ಕು ಸಲ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

2001ರಲ್ಲಿ ಇದು ಹಿಂದಿಗೂ ಬಂತು, ‘ಜೀ ಮಂತ್ರೀಜಿ’. ಫಾರೂಕ್ ಶೇಖ್ ಮಂತ್ರಿ. ಫೈಲು, ಟಿಪ್ಪಣಿ, ಉಪಸಮಿತಿ ಎಲ್ಲವೂ ಬ್ರಿಟಿಷರೇ ಬಿಟ್ಟುಹೋದ ಆಸ್ತಿಯಾದ್ದರಿಂದ ಕಥೆ ಒಗ್ಗಲು ಕಷ್ಟವಾಗಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ನನಗೊಂದು ತಕರಾರಿದೆ. ಈ ಕಾರ್ಯಕ್ರಮದ ಬಹುದೊಡ್ಡ ಅಭಿಮಾನಿ ಸ್ವತಃ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್. 1984ರ ಜನವರಿಯಲ್ಲಿ ಒಂದು ಪ್ರಶಸ್ತಿ ಸಮಾರಂಭದಲ್ಲಿ ಹ್ಯಾಕರ್, ಹಂಫ್ರಿ ಇಬ್ಬರನ್ನೂ ಪಕ್ಕಕ್ಕಿಟ್ಟುಕೊಂಡು ತಾವೇ ಪುಟ್ಟ ಪ್ರಹಸನ ಆಡಿದರು. ಆಕೆಗೆ ಇಷ್ಟವಾಗದೆ ಇನ್ನೇನು! ಸರ್ಕಾರ ಅಂದರೆ ದಂಡ, ಅಧಿಕಾರಿಗಳು ಅಂದರೆ ಅಡ್ಡಗಾಲು ಅಂತ ವಾರವಾರ ನಗುನಗುತ್ತಾ ಹೇಳಿಕೊಡುವ ಧಾರಾವಾಹಿ, ಸರ್ಕಾರದ ಕೈ ಮೊಟಕು ಮಾಡಲು ಹೊರಟವರಿಗೆ ಪುಕ್ಕಟೆ ಸಿಕ್ಕ ವಕೀಲ.

ಆಸ್ಪತ್ರೆಗೆ ರೋಗಿ ಬರದ ಹಾಗೆಯೇ ಹಂಫ್ರಿಯ ಕೋಣೆಗೆ ಬಡವರೂ ಹೆಚ್ಚು ಬರುವುದಿಲ್ಲ. ಅವರನ್ನು ನೋಡಬೇಕಾದರೆ ಅದೇ ಬಿಬಿಸಿ ಟೂನಲ್ಲಿ 1982ರಲ್ಲಿ ಬಂದ, ಅಲನ್ ಬ್ಲೀಸ್‌ಡೇಲ್ ಬರೆದ ‘ಬಾಯ್ಸ್ ಫ್ರಮ್ ದ ಬ್ಲ್ಯಾಕ್‌ಸ್ಟಫ್’ ಧಾರಾವಾಹಿ ನೋಡಬೇಕು. ಐದೇ ಕಂತು. ದೇಶದಲ್ಲಿ 30 ಲಕ್ಷ ನಿರುದ್ಯೋಗಿಗಳಿದ್ದ ಕಾಲ. ಲಿವರ್‌ಪೂಲಿನ ಯೋಸರ್ ಹ್ಯೂಸ್ ಮೂರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು, ಕಂಡಕಂಡವರ ಮುಂದೆ ‘ಗಿಝ್ಜಾ ಜಾಬ್’, ಕೆಲಸ ಕೊಡಿ, ಅದನ್ನು ನಾನೂ ಮಾಡಬಲ್ಲೆ ಅನ್ನುತ್ತಾ ಅಲೆಯುತ್ತಾನೆ. ಬರ್ನಾರ್ಡ್ ಹಿಲ್ ಆ ಪಾತ್ರ ಮಾಡಿದ ಪರಿ ನೋಡಿದರೆ ಹೊಟ್ಟೆ ಕಲಸುತ್ತದೆ.

ಈ ಯೋಸರ್ ಒಂದೇ ಒಂದು ಕಂತಿನಲ್ಲಿ ಹ್ಯಾಕರ್‌ನ ಮೇಜಿನ ಮುಂದೆ ಬಂದು ನಿಂತಿದ್ದರೆ, ಥ್ಯಾಚರ್ ಅಷ್ಟೇ ಹುರುಪಿನಿಂದ ವೇದಿಕೆ ಹತ್ತುತ್ತಿದ್ದರಾ? ನನಗಂತೂ ಅನುಮಾನ.